ಜಿಲ್ಲೆಯ ಆಯವ್ಯಯ: ತೀರ್ಮಾನ ಯಾರದು?



ರಾಜ್ಯ ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳು ಪುಟಗಟ್ಟಲೆ ವಿಶ್ಲೇಷಣೆ ಪ್ರಕಟಿಸುತ್ತವೆ. ಕೇಂದ್ರ ಬಜೆಟ್ಟಿಗಂತೂ ದಿನವಿಡೀ ಚರ್ಚೆ. ಜಿಲ್ಲಾ ಪಂಚಾಯಿತಿಯ ಆಯವ್ಯಯ ಯಾವಾಗ ಅಂಗೀಕಾರವಾಯಿತು, ಅದರಲ್ಲಿ ಏನಿತ್ತು ಎಂದು ಕೇಳಿದರೆ ಮಾತ್ರ ಓದಿದವರಲ್ಲೂ ಹೇಳಬಲ್ಲವರು ವಿರಳ. ಆದರೆ ಹಳ್ಳಿಯ ಮಗು ಕಲಿಯುವ ಪ್ರಾಥಮಿಕ ಶಾಲೆ, ಅದರ ಬಿಸಿಯೂಟ, ಪಕ್ಕದ ಅಂಗನವಾಡಿ, ಹೆರಿಗೆಗೆ ಓಡಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರ, ದನಕ್ಕೆ ಕಾಯಿಲೆಯಾದರೆ ಹೊಡೆದುಕೊಂಡು ಹೋಗುವ ಪಶು ಆಸ್ಪತ್ರೆ, ಬಡ ಹುಡುಗ ಓದಲು ಆಸರೆಯಾದ ಹಾಸ್ಟೆಲ್, ಊರಿಂದ ಮುಖ್ಯರಸ್ತೆ ಸೇರುವ ದಾರಿ ಎಲ್ಲವೂ ಬಹುಮಟ್ಟಿಗೆ ಜಿಲ್ಲೆಯ ಲೆಕ್ಕಪುಸ್ತಕದಲ್ಲೇ ಬರುತ್ತವೆ. ಜನ ಸರ್ಕಾರವನ್ನು ದಿನನಿತ್ಯ ಮುಟ್ಟುವುದು ಇಲ್ಲಿಯೇ. ಆದ್ದರಿಂದ ಈ ಪುಸ್ತಕ ಹೇಗೆ ತಯಾರಾಗುತ್ತದೆ ಎಂಬ ಪ್ರಶ್ನೆ ಲೆಕ್ಕಾಧಿಕಾರಿಗಳಿಗೆ ಮಾತ್ರ ಬಿಡುವಂಥದ್ದಲ್ಲ.

ಇಂದು ನಾನು ಮುಂದಿಡಬಯಸುವ ವಾದ ಇಷ್ಟು. ನ್ಯಾಯವಾದ ಎರಡು ಬೇಡಿಕೆಗಳು ಎದುರಿಗಿವೆ, ಕೈಯಲ್ಲಿರುವ ಹಣ ಎರಡಕ್ಕೂ ಸಾಲದು. ಆಗ ಯಾವುದನ್ನು ಮೊದಲು ಮಾಡಬೇಕೆಂದು ಬಹಿರಂಗವಾಗಿ ಚರ್ಚಿಸಿ, ಕಾರಣ ಹೇಳಿ ತೀರ್ಮಾನಿಸುವುದೇ ಬಜೆಟ್. ಶಾಲೆಯ ಸೋರುವ ಚಾವಣಿಯೋ, ಆರೋಗ್ಯ ಕೇಂದ್ರದ ದಾದಿಯರ ವಸತಿಯೋ? ಈ ತೀರ್ಮಾನದ ಫಲ ಉಣ್ಣುವವರೇ ಅದನ್ನು ಮಾಡಬೇಕು, ಇಲ್ಲವೇ ಅವರು ಆರಿಸಿ ಕಳಿಸಿದವರು ಮಾಡಬೇಕು. ನಮ್ಮ ಜಿಲ್ಲೆಗಳಲ್ಲಿ ಈ ತೀರ್ಮಾನ ಎಲ್ಲಿಯೂ ಇಡಿಯಾಗಿ ನಡೆಯುತ್ತಿಲ್ಲ. ಒಂದು ತುಂಡನ್ನು ರಾಜ್ಯದ ಇಲಾಖೆ, ಇನ್ನೊಂದನ್ನು ಕೇಂದ್ರದ ಯೋಜನೆ, ಮತ್ತೊಂದನ್ನು ಶಾಸಕರ ಶಿಫಾರಸು ನಿರ್ಧರಿಸುತ್ತವೆ. ಖರ್ಚು ಮಾಡುವುದು ಜಿಲ್ಲೆಯ ಪಾಲಿಗೆ ಬಂದಿದೆ; ಯಾವುದು ಮೊದಲು ಎಂದು ಹೇಳುವ ಅಧಿಕಾರ ಬಂದಿಲ್ಲ.

ಈ ಮಾತನ್ನು ಒಂದು ದಾಖಲೆಯ ಮೂಲಕ ನೋಡೋಣ. ಪ್ರತಿವರ್ಷ ರಾಜ್ಯ ಬಜೆಟ್ಟಿನ ಜೊತೆ ಹೊರಬರುವ ಸಂಪುಟಗಳಲ್ಲಿ ಲಿಂಕ್ ಡಾಕ್ಯುಮೆಂಟ್ ಎಂಬುದೊಂದಿದೆ. ರಾಜ್ಯದ ಖರ್ಚನ್ನು ರಾಜ್ಯ ವಲಯ, ಜಿಲ್ಲಾ ವಲಯ ಎಂದು ವಿಂಗಡಿಸಿ, ಜಿಲ್ಲಾ ವಲಯದ ಹಣವನ್ನು ಯಾವ ಜಿಲ್ಲೆಗೆ, ಯಾವ ಕಾರ್ಯಕ್ರಮಕ್ಕೆ ಎಷ್ಟು ಎಂದು ತೋರಿಸುವ ಪುಸ್ತಕ ಅದು. ನಿಮ್ಮ ಜಿಲ್ಲೆಯ ಪುಟ ತೆಗೆದರೆ ಉದ್ದುದ್ದ ಲೆಕ್ಕ ಶೀರ್ಷಿಕೆಗಳು, ಪ್ರತಿಯೊಂದರ ಮುಂದೆ ಕಾರ್ಯಕ್ರಮದ ಹೆಸರು, ಮೊತ್ತ. ಬಹುಪಾಲು ಹಣ ಸಂಬಳದ ಸಾಲುಗಳಲ್ಲಿದೆ, ಅದರಲ್ಲೂ ಶಿಕ್ಷಕರ ಸಂಬಳ ದೊಡ್ಡದು. ಇದು ತಪ್ಪಲ್ಲ, ಶಿಕ್ಷಕರಿಲ್ಲದೆ ಶಾಲೆಯಿಲ್ಲ. ಸಂಬಳವನ್ನು ಬದಿಗಿಟ್ಟರೆ ಉಳಿಯುವುದು ಸಣ್ಣ ಮೊತ್ತಗಳ ಉದ್ದನೆಯ ಪಟ್ಟಿ: ಕಟ್ಟಡ ದುರಸ್ತಿಗೆ ಇಷ್ಟು, ಔಷಧಿಗೆ ಇಷ್ಟು, ಪ್ರಚಾರಕ್ಕೆ ಇಷ್ಟು. ಪ್ರತಿ ಸಾಲಿಗೂ ಬೆಂಗಳೂರಿನಲ್ಲಿ ಒಬ್ಬ ಒಡೆಯ ಇಲಾಖೆ ಇದೆ. ಈ ಊರಿಗೆ ಪ್ರಚಾರ ಸಾಕು, ದುರಸ್ತಿ ಬೇಕು ಎಂದು ಜಿಲ್ಲಾ ಪಂಚಾಯಿತಿಗೆ ಅನ್ನಿಸಿದರೂ ಒಂದು ಇಲಾಖೆಯ ಸಾಲಿನಿಂದ ಇನ್ನೊಂದು ಇಲಾಖೆಯ ಸಾಲಿಗೆ ಹಣ ಒಯ್ಯಲು ಮೇಲಿನ ಒಪ್ಪಿಗೆ ಬೇಕು. ಪುನರ್ವಿನಿಯೋಗದ ಕಡತ ಓಡಾಡಿ ಮುಗಿಯುವಷ್ಟರಲ್ಲಿ ಮಾರ್ಚ್ ಹತ್ತಿರವಾಗಿರುತ್ತದೆ. ಹಾಗಾಗಿ ಕಾಯ್ದೆಯ ಪ್ರಕಾರ ಬಜೆಟ್ ಅಂಗೀಕರಿಸುವ ಜಿಲ್ಲಾ ಪಂಚಾಯಿತಿ ವಾಸ್ತವದಲ್ಲಿ ಬಂದ ಪಟ್ಟಿಗೆ ಕ್ರಿಯಾ ಯೋಜನೆ ಬರೆಯುತ್ತದೆ.

ಈ ಸ್ಥಿತಿ ಮೊದಲಿನಿಂದಲೂ ಹೀಗೇ ಇರಲಿಲ್ಲ. ಕರ್ನಾಟಕದ ಚರಿತ್ರೆಯಲ್ಲಿ ಒಂದು ಘಟ್ಟವನ್ನು ನಾವು ಅಭಿಮಾನದಿಂದಲೂ ಎಚ್ಚರದಿಂದಲೂ ನೆನೆಯಬೇಕು. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಜಿಲ್ಲೆಯನ್ನೇ ವಿಕೇಂದ್ರೀಕರಣದ ಮುಖ್ಯ ನೆಲೆಯಾಗಿಸಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ಗಂಭೀರವಾಗಿ ತೆಗೆದುಕೊಂಡ ಕೆಲವೇ ರಾಜ್ಯಗಳಲ್ಲಿ ನಮ್ಮದೊಂದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದ 1983ರ ಕಾಯ್ದೆಯನ್ನು ರೂಪಿಸಿ ದಡ ಮುಟ್ಟಿಸಿದರು. ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು, ಚುನಾವಣೆಗೆ 1987ರ ಜನವರಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್ ಸಾಬ್ ಎಂದು ಹೆಸರಾದ ಅವರನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಅವರ ದೊಡ್ಡ ಕೆಲಸ ಆ ಕೊಳವೆಬಾವಿಗಳನ್ನು ನೋಡಿಕೊಳ್ಳುವ ಅಧಿಕಾರವನ್ನು ಕೆಳಗಿಳಿಸಲು ಹೊರಟದ್ದು ಎಂದು ನಾನು ನಂಬುತ್ತೇನೆ.

ಆಗಿನ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಪರಿಷತ್ತಿನ ಆಡಳಿತ ಮುಖ್ಯಸ್ಥರಾಗಿ ಜಿಲ್ಲಾಧಿಕಾರಿಗಿಂತ ಸೇವೆಯಲ್ಲಿ ಹಿರಿಯರಾದ ಐಎಎಸ್ ಅಧಿಕಾರಿಯನ್ನು ಮುಖ್ಯ ಕಾರ್ಯದರ್ಶಿ ಎಂಬ ಹುದ್ದೆಯಲ್ಲಿ ಕೂರಿಸಲಾಯಿತು. ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ. ಜಿಲ್ಲೆಯಲ್ಲಿ ಅಭಿವೃದ್ಧಿ ಇಲಾಖೆಗಳ ಅಧಿಕಾರಿಗಳು ಯಾರ ಮಾತು ಕೇಳಬೇಕು ಎಂಬುದಕ್ಕೆ ಅದು ಉತ್ತರವಾಗಿತ್ತು. ಅದುವರೆಗೆ ಬೇರೆಯಾಗಿ ನಡೆಯುತ್ತಿದ್ದ ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಘಗಳನ್ನು ಪರಿಷತ್ತಿನೊಳಕ್ಕೆ ತರಲಾಯಿತು. ಶಾಲೆ, ಆಸ್ಪತ್ರೆಗಳಲ್ಲಿ ನೌಕರರ ಹಾಜರಾತಿ ಸುಧಾರಿಸಿದ್ದನ್ನು ಆ ಕಾಲದ ಅಧ್ಯಯನಗಳು ಗುರುತಿಸಿವೆ. ಕಾರಣ ಸುಲಭವಾಗಿ ಊಹಿಸಬಹುದು: ಹಾಜರಾತಿ ಪುಸ್ತಕ ಕೇಳಬಲ್ಲವನು ಅದೇ ಬಸ್ಸಿನಲ್ಲಿ ಓಡಾಡುವವನಾಗಿದ್ದ. 50 ಸಾವಿರಕ್ಕೂ ಹೆಚ್ಚು ಮಂದಿ ಪರಿಷತ್ತುಗಳಿಗೂ ಮಂಡಲಗಳಿಗೂ ಆರಿಸಿಬಂದರು, ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಮೀಸಲಿಟ್ಟಿತ್ತು. ಸಂವಿಧಾನ ತಿದ್ದುಪಡಿಗೆ ಆರು ವರ್ಷ ಮೊದಲಿನ ಮಾತಿದು.

1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆಯಡಿ, ಪರಿಷತ್ತುಗಳ ಜಾಗಕ್ಕೆ ಬಂದ ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆಯಾದದ್ದು 1995ರಲ್ಲಿ. ಆ ಮೂರು ವರ್ಷಗಳ ಅಂತರದಲ್ಲಿ ಕಳೆದುಹೋದದ್ದು ಮತ್ತೆ ಪೂರ್ತಿ ಕೈಗೆ ಬರಲೇ ಇಲ್ಲ.

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿಗಳಿಗೂ ಪುರಸಭೆಗಳಿಗೂ ಬದುಕುವ ಹಕ್ಕು ಕೊಟ್ಟವು. 243ಜಿ ವಿಧಿ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ತಯಾರಿಸುವುದನ್ನು ಪಂಚಾಯಿತಿಯ ಕೆಲಸವೆಂದು ಹೆಸರಿಸಿತು. ಹನ್ನೊಂದನೇ ಅನುಸೂಚಿ 29 ವಿಷಯಗಳನ್ನು ಪಟ್ಟಿ ಮಾಡಿತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟ ವಿಧಿ 243-ಝೆಡ್‌ಡಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿಯನ್ನು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದಲೇ ಆರಿಸಬೇಕು. ಹಳ್ಳಿ ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಿ, ಇಡೀ ಜಿಲ್ಲೆಗೆ ಒಂದು ಅಭಿವೃದ್ಧಿ ಯೋಜನೆಯ ಕರಡು ಸಿದ್ಧವಾಗಬೇಕು. ನೀರಿನ ಹಂಚಿಕೆ, ಪರಿಸರ, ಮೂಲಸೌಕರ್ಯ ಇವನ್ನು ಪಂಚಾಯಿತಿ ಮತ್ತು ಪಟ್ಟಣ ಸೇರಿ ಯೋಚಿಸಬೇಕೆಂದು ಆ ವಿಧಿ ಸ್ಪಷ್ಟವಾಗಿಯೇ ಹೇಳುತ್ತದೆ. ಪಟ್ಟಣದ ಕಸ ಪಕ್ಕದ ಹಳ್ಳಿಯ ಗೋಮಾಳಕ್ಕೆ ಬೀಳುವುದು, ಹಳ್ಳಿಯ ಕೆರೆಯ ನೀರು ಪಟ್ಟಣಕ್ಕೆ ಹರಿಯುವುದು ಇಂಥ ಜಗಳಗಳನ್ನು ಕೂತು ಮಾತಾಡಲೆಂದೇ ಈ ಜಾಗ. ಕರ್ನಾಟಕದಲ್ಲಿ ಸಮಿತಿಗಳು ರಚನೆಯಾದವು. ಸಭೆ ಸೇರಿ ಯೋಜನೆಗಳ ಕಟ್ಟಿಗೆ ಒಪ್ಪಿಗೆಯ ಮುದ್ರೆ ಒತ್ತುವುದಕ್ಕಿಂತ ಮುಂದಕ್ಕೆ ಅವು ಹೆಚ್ಚು ಹೋಗಲಿಲ್ಲ. ಒಪ್ಪಿಗೆ ಕೊಟ್ಟ ಕರಡಿಗೂ ಮುಂದಿನ ಮಾರ್ಚಿನ ಲಿಂಕ್ ಡಾಕ್ಯುಮೆಂಟಿನ ಅಂಕಿಗೂ ಸಂಬಂಧವಿಲ್ಲದಿದ್ದರೆ ಯಾವ ಸಮಿತಿಯೂ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ.

ಇನ್ನೊಂದು ಬೆಳವಣಿಗೆಯನ್ನು ಗಮನಿಸಬೇಕು. ಜಿಲ್ಲೆಯೊಳಗೆ ಸಾರ್ವಜನಿಕ ಸೇವೆಗಾಗಿ ಖರ್ಚಾಗುವ ಹಣದಲ್ಲಿ ಜಿಲ್ಲಾ ಪಂಚಾಯಿತಿಯ ಪುಸ್ತಕಕ್ಕೆ ಬರುವುದು ಒಂದು ಭಾಗ ಮಾತ್ರ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ; ಅವುಗಳ ಪಟ್ಟಿ ಬೇರೆ ಕಚೇರಿಯಲ್ಲಿದೆ. ಗಣಿಗಾರಿಕೆಯ ಜಿಲ್ಲೆಗಳಲ್ಲಿ 2015ರ ಬಳಿಕ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನ ಪಡೆದ ಜಿಲ್ಲೆಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿಗಳಿವೆ. ಬರ ಬಂದರೆ ಕುಡಿಯುವ ನೀರಿಗೆ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕಾರ್ಯಪಡೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಹುಟ್ಟುವಾಗ ಒಂದು ಸಕಾರಣವಿತ್ತು. ಆದರೆ ಒಂದೇ ಶಾಲೆಯ ಕಾಂಪೌಂಡಿಗೆ ಎರಡು ಕಡೆಯಿಂದ ಹಣ, ಪಕ್ಕದ ಊರಿನ ಶಾಲೆಗೆ ಯಾವ ಕಡೆಯಿಂದಲೂ ಇಲ್ಲ ಎಂಬಂಥ ಪರಿಸ್ಥಿತಿಯನ್ನು ತಡೆಯಬಲ್ಲ ಒಂದೇ ಪುಸ್ತಕ ಯಾರ ಮೇಜಿನ ಮೇಲೂ ಇಲ್ಲ. ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳು ಪ್ರಗತಿ ವರದಿ ಒಪ್ಪಿಸುತ್ತಾರೆ, ಶೇಕಡಾವಾರು ಸಾಧನೆ ಓದುತ್ತಾರೆ. ಖರ್ಚಾದ ಹಣದ ಪ್ರಗತಿ ಅಲ್ಲಿ ತಿಳಿಯುತ್ತದೆ. ಆ ಹಣ ಅಲ್ಲಿಗೇ ಏಕೆ ಹೋಯಿತು ಎಂಬ ಚರ್ಚೆಗೆ ಅಲ್ಲಿ ಅವಕಾಶವಿಲ್ಲ.

ಈಗ ಒಂದು ಸೇವೆಯನ್ನು ಹತ್ತಿರದಿಂದ ನೋಡೋಣ. ಕುಡಿಯುವ ನೀರನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಸ್ಥಳೀಯ ಆಯವ್ಯಯದ ಎಲ್ಲ ತೊಡಕುಗಳೂ ಅದರಲ್ಲಿವೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಪ್ರತಿ ಗ್ರಾಮೀಣ ಮನೆಗೂ ನಲ್ಲಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಇಟ್ಟುಕೊಂಡಿತು. ನಮ್ಮಲ್ಲಿ ಅದು ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ ನಡೆಯಿತು. 2,000 ಜನರ ಒಂದು ಊರಿಗೆ ಈ ಲೆಕ್ಕದಲ್ಲಿ ದಿನಕ್ಕೆ 1,10,000 ಲೀಟರ್ ಬೇಕು. ಊರಿನಲ್ಲಿರುವುದು 50,000 ಲೀಟರಿನ ಓವರ್‌ಹೆಡ್ ಟ್ಯಾಂಕ್ ಆಗಿದ್ದರೆ ದಿನಕ್ಕೆ ಎರಡು ಸಲ ತುಂಬಿಸಿದರೂ ಸಾಲದು. ಅದೂ ಮೂರು ಫೇಸ್ ವಿದ್ಯುತ್ ಇರುವ ಹೊತ್ತಿನಲ್ಲೇ ಆಗಬೇಕು. ತುಂಬಿಸುವವನು ನೀರುಗಂಟಿ. ಬೆಳಗಿನ ಜಾವ ಎದ್ದು ಪಂಪ್‌ಹೌಸಿಗೆ ಹೋಗಿ ಸ್ಟಾರ್ಟರ್ ಒತ್ತಿ, ಬೀದಿಬೀದಿಯ ವಾಲ್ವ್ ತಿರುಗಿಸಿ, ಎತ್ತರದ ಕೇರಿಗೂ ತಗ್ಗಿನ ಕೇರಿಗೂ ಸಮ ನೀರು ಬರುವಂತೆ ನೋಡಿಕೊಳ್ಳುವ ಅವನ ಕೆಲಸದಲ್ಲಿ ಜಾತಿ, ಕೇರಿ, ಪಕ್ಷಗಳ ಒತ್ತಡವೂ ಸೇರಿದೆ. ಅವನ ವೇತನ, ವಿದ್ಯುತ್ ಬಿಲ್, ಬ್ಲೀಚಿಂಗ್ ಪೌಡರ್, ಒಡೆದ ಪೈಪಿನ ಜೋಡಣೆ, ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ ಇನ್ನಷ್ಟು ಪೈಪ್ ಇಳಿಸುವ ಖರ್ಚು, ಸುಟ್ಟ ಮೋಟಾರಿನ ರಿವೈಂಡಿಂಗ್ ಇವೆಲ್ಲ ಕೂಡಿದರೆ ಒಂದು ಊರಿನ ನೀರಿನ ನಿಜವಾದ ವಾರ್ಷಿಕ ವೆಚ್ಚ ಸಿಗುತ್ತದೆ.

ಈ ವೆಚ್ಚವನ್ನು ಹೊರುವವರು ಯಾರು? ಪೈಪ್ ಹಾಕುವ ಬಂಡವಾಳಕ್ಕೆ ಕೇಂದ್ರ, ರಾಜ್ಯಗಳು ಕೈಜೋಡಿಸುತ್ತವೆ. ಉದ್ಘಾಟನೆಯ ಫಲಕವೂ ಅದಕ್ಕೇ. ನಡೆಸುವ ಹೊರೆ ಗ್ರಾಮ ಪಂಚಾಯಿತಿಯ ಮೇಲೆ. ಗ್ರಾಮ ಪಂಚಾಯಿತಿಗೆ ಸಿಗುವ ಶಾಸನಬದ್ಧ ಅನುದಾನದ ದೊಡ್ಡ ಪಾಲು ನೀರಿನ ಪಂಪು ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಆದರೂ ವಿದ್ಯುತ್ ಕಂಪನಿಗಳಿಗೆ ಪಂಚಾಯಿತಿಗಳ ಬಾಕಿ ಬೆಳೆಯುತ್ತಲೇ ಇರುತ್ತದೆ. ನೀರಿನ ಕಂದಾಯ ಹೆಚ್ಚಿಸಲು ಸದಸ್ಯರಿಗೆ ಧೈರ್ಯ ಬರುವುದಿಲ್ಲ, ಏಕೆಂದರೆ ನೀರು ದಿನವೂ ಬರುವ ಭರವಸೆ ಅವರಿಗೇ ಇಲ್ಲ. ನೀರು ಸರಿಯಾಗಿ ಬಾರದ್ದರಿಂದ ಜನ ಕಟ್ಟುವುದಿಲ್ಲ. ಜನ ಕಟ್ಟದ್ದರಿಂದ ದುರಸ್ತಿಗೆ ಹಣವಿಲ್ಲ. ದುರಸ್ತಿಯಿಲ್ಲದೆ ನೀರು ಬಾರದು. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಆ ಹಣವೂ ಹೊಸ ಪೈಪ್‌ಲೈನ್, ಹೊಸ ತೊಂಬೆ, ಹೊಸ ಚರಂಡಿ ಎಂದು ಕ್ರಿಯಾ ಯೋಜನೆಗೆ ಇಳಿಯುವ ಒತ್ತಡವನ್ನು ಎಲ್ಲ ಕಡೆ ಕಾಣುತ್ತೇವೆ. ಹಳ್ಳಿಗಳಲ್ಲಿ ಬೀಗ ಬಿದ್ದಿರುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಘಟಕ ಕೂರಿಸಲು ಹಣವಿತ್ತು, ಎರಡನೇ ವರ್ಷ ಫಿಲ್ಟರ್ ಬದಲಿಸಲು ಯಾವ ಶೀರ್ಷಿಕೆಯಲ್ಲೂ ಇರಲಿಲ್ಲ.

ಹೊಸ ಕಾಮಗಾರಿಗೆ ಗುತ್ತಿಗೆದಾರನಿದ್ದಾನೆ, ಭೂಮಿಪೂಜೆಯಿದೆ, ಮತದಾರನಿಗೆ ತೋರಿಸಲು ಫೋಟೊ ಇದೆ. ನಡೆದುಕೊಂಡು ಹೋಗುತ್ತಿರುವ ಸೇವೆಗೆ ಇವ್ಯಾವುವೂ ಇಲ್ಲ. ಆದ್ದರಿಂದ ನಿರ್ವಹಣೆಯ ವೆಚ್ಚವನ್ನು ಜನಪ್ರತಿನಿಧಿಗಳ ಒಳ್ಳೆಯತನಕ್ಕೆ ಬಿಡದೆ, ನಿಯಮದ ಮೂಲಕವೇ ಮೊದಲ ಸಾಲಿನಲ್ಲಿ ಕೂರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನಿನ ಮೂಲಕ ಹಣವನ್ನು ಮೊದಲೇ ಎತ್ತಿಡುವ ಪದ್ಧತಿ ನಮಗೆ ಹೊಸದಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ ಶೇ 24.1ರಷ್ಟನ್ನು ಮೀಸಲಿಡುವ 2013ರ ಉಪಯೋಜನೆ ಕಾಯ್ದೆ ನಮ್ಮಲ್ಲೇ ಇದೆ. ಆ ಹಣ ಬೇರೆಡೆಗೆ ತಿರುಗುವುದರ ಬಗ್ಗೆ ನಡೆಯುವ ಹೋರಾಟವೂ ಕಾಯ್ದೆ ಇರುವುದರಿಂದಲೇ ಸಾಧ್ಯವಾಗಿದೆ. ಇಲ್ಲದಿದ್ದರೆ ಏನು ತಿರುಗಿತೆಂದು ಕೇಳಲು ಆಧಾರವೇ ಇರುತ್ತಿರಲಿಲ್ಲ.

ಮಾಹಿತಿಯ ಕೊರತೆಯೇ ಜಿಲ್ಲಾ ಯೋಜನೆಗೆ ಅಡ್ಡಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕವಾದ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳ ಮೇಲೆ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ತೋರಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ ವರದಿಯ ದೊಡ್ಡ ಗುಣವೆಂದರೆ ಅದು ಜಿಲ್ಲೆಯ ಸರಾಸರಿಗೆ ತೃಪ್ತಿಪಡಲಿಲ್ಲ. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದರೂ 13 ದಕ್ಷಿಣದಲ್ಲೂ ಇದ್ದವು. ಮುಂದುವರಿದ ಜಿಲ್ಲೆಯೊಳಗಿನ ಬಡ ತಾಲ್ಲೂಕು ಕಣ್ಣಿಗೆ ಬಿತ್ತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆಯ ಹಣ ಬರತೊಡಗಿತು. ಆದರೆ ಅದು ಇಲಾಖೆಗಳ ಮೂಲಕ, ಮತ್ತೊಂದು ಪ್ರತ್ಯೇಕ ಶೀರ್ಷಿಕೆಯಾಗಿ ಬಂತು. ನಮ್ಮ ತಾಲ್ಲೂಕಿಗೆ ಕೊರತೆಯಿರುವುದು ಆಸ್ಪತ್ರೆಯ ಹಾಸಿಗೆಯೋ, ಪ್ರೌಢಶಾಲೆಯೋ, ರಸ್ತೆಯೋ ಎಂದು ಆ ತಾಲ್ಲೂಕಿನವರೇ ಸೂಚ್ಯಂಕ ಮುಂದಿಟ್ಟುಕೊಂಡು ತೀರ್ಮಾನಿಸುವ ವ್ಯವಸ್ಥೆ ಬರಲಿಲ್ಲ. ಮುಂದೆ 2014ರಲ್ಲಿ ಆಗಿನ 30 ಜಿಲ್ಲೆಗಳಿಗೂ ಮಾನವ ಅಭಿವೃದ್ಧಿ ವರದಿಗಳು ಸಿದ್ಧವಾದವು. ಜಿಲ್ಲಾ ಅಂಕಿಅಂಶಗಳ ನೋಟ ಪ್ರತಿವರ್ಷ ಅಚ್ಚಾಗುತ್ತದೆ. ಗೊತ್ತಿರುವುದನ್ನು ಹಣಕ್ಕೆ ಜೋಡಿಸುವ ಕೊಂಡಿಯಷ್ಟೇ ಇಲ್ಲ.

ಹೊರಗಿನ ಎರಡು ಉದಾಹರಣೆಗಳನ್ನು ಇಲ್ಲಿ ನೋಡಬಹುದು. ನೆರೆಯ ಕೇರಳ 1996ರಲ್ಲಿ ಜನಕೀಯ ಯೋಜನೆಯನ್ನು ಆರಂಭಿಸುವಾಗ ರಾಜ್ಯ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ, ಬಹುಪಾಲು ಅನಿರ್ಬಂಧಿತವಾಗಿ ಕೊಡುವುದೆಂದು ಮೊದಲು ತೀರ್ಮಾನಿಸಿತು. ತರಬೇತಿ, ತಜ್ಞರ ಸಮಿತಿ, ಕೈಪಿಡಿ ಎಲ್ಲವೂ ಆಮೇಲೆ ಬಂದವು. ಸಾಮರ್ಥ್ಯ ಬರಲಿ, ಆಮೇಲೆ ಹಣ ಕೊಡೋಣ ಎಂದು ಕಾದಿದ್ದರೆ ಇಂದಿಗೂ ಕಾಯುತ್ತಿದ್ದರೇನೋ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಪಾಲು ರಾಜ್ಯ ಬಜೆಟ್ಟಿನ ನಾಲ್ಕನೇ ಅನುಬಂಧದಲ್ಲಿ ಸಂಸ್ಥೆವಾರು ಅಚ್ಚಾಗುತ್ತದೆ, ಶಾಸನಸಭೆಯ ಮುಂದೆ ಬರುತ್ತದೆ. ಅದನ್ನು ನಡುವರ್ಷದಲ್ಲಿ ಸದ್ದಿಲ್ಲದೆ ಕಡಿಮೆ ಮಾಡುವುದು ಸುಲಭವಲ್ಲ.

ಇನ್ನೊಂದು, ಪೂರ್ವ ಆಫ್ರಿಕಾದ ಕೆನ್ಯಾ. ಅತಿಯಾದ ಕೇಂದ್ರೀಕರಣದಿಂದ ಬೇಸತ್ತ ಆ ದೇಶ 2010ರ ಸಂವಿಧಾನದ ಮೂಲಕ 47 ಕೌಂಟಿ ಸರ್ಕಾರಗಳನ್ನು ರಚಿಸಿತು. 2013ರ ಚುನಾವಣೆಯ ನಂತರ ಅವು ಕೆಲಸ ಆರಂಭಿಸಿದವು. ಕೌಂಟಿಗೆ ಚುನಾಯಿತ ಗವರ್ನರ್, ಚುನಾಯಿತ ಸಭೆ. ರಾಷ್ಟ್ರೀಯ ಸರ್ಕಾರ ಸಂಗ್ರಹಿಸುವ ರಾಜಸ್ವದ ಶೇ 15ಕ್ಕೆ ಕಡಿಮೆಯಿಲ್ಲದ ಪಾಲು ಕೌಂಟಿಗಳಿಗೆ ಸಲ್ಲಬೇಕೆಂದು ಸಂವಿಧಾನವೇ ಹೇಳುತ್ತದೆ. ಆಸ್ಪತ್ರೆ, ಕೃಷಿ ಸೇವೆ, ಶಿಶುವಿಹಾರಗಳು ಕೌಂಟಿಯ ಹೊಣೆ. ನನ್ನ ಗಮನ ಸೆಳೆದದ್ದು ಅವರ ಕ್ಯಾಲೆಂಡರ್. ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯನ್ನು ಹಿಂದಿನ ಸೆಪ್ಟೆಂಬರ್ 1ರೊಳಗೆ, ಅಂದರೆ ಹತ್ತು ತಿಂಗಳು ಮೊದಲೇ ಕೌಂಟಿ ಸಭೆಯ ಮುಂದಿಡಬೇಕು. ಫೆಬ್ರವರಿ ಕೊನೆಗೆ ಒಟ್ಟು ಎಷ್ಟು ಹಣ, ಯಾವ ವಲಯಕ್ಕೆ ಎಷ್ಟು ಮಿತಿ ಎಂಬ ಪತ್ರ. ಏಪ್ರಿಲ್ 30ರೊಳಗೆ ಅಂದಾಜು ಪಟ್ಟಿ. ಪ್ರತಿ ಹಂತದಲ್ಲೂ ಸಾರ್ವಜನಿಕರ ಅಭಿಪ್ರಾಯ ಕೇಳುವುದು ಕಡ್ಡಾಯ. ಮೊದಲು ಯೋಜನೆ, ಆಮೇಲೆ ಮಿತಿ, ಕೊನೆಗೆ ಬಜೆಟ್ ಎಂಬುದು ಅಲ್ಲಿನ ಅನುಕ್ರಮ.

ಕೆನ್ಯಾದಲ್ಲಿ ಎಲ್ಲ ಸುಸೂತ್ರವಾಗಿದೆ ಎಂದು ನಾನು ಹೇಳುತ್ತಿಲ್ಲ. ರಾಷ್ಟ್ರೀಯ ಖಜಾನೆಯಿಂದ ಹಣ ತಡವಾಗುತ್ತದೆ, ಗುತ್ತಿಗೆದಾರರ ಬಿಲ್ಲುಗಳು ಬಾಕಿ ಉಳಿಯುತ್ತವೆ, ಅಭಿವೃದ್ಧಿಗೆ ಕನಿಷ್ಠ ಶೇ 30 ಎಂಬ ನಿಯಮವನ್ನು ಹಲವು ಕೌಂಟಿಗಳು ಮುಟ್ಟುವುದಿಲ್ಲ. 2016ರ ಡಿಸೆಂಬರಿನಿಂದ 2017ರ ಮಾರ್ಚ್‌ವರೆಗೆ ಸರ್ಕಾರಿ ವೈದ್ಯರು ಮುಷ್ಕರ ಹೂಡಿದಾಗ ಹೊಣೆ ಕೌಂಟಿಯದೋ ಕೇಂದ್ರದ್ದೋ ಎಂಬ ತಗಾದೆಯಲ್ಲಿ ರೋಗಿಗಳು ನರಳಿದರು. ಆದರೂ ತನ್ನ ಕೌಂಟಿಯ ಆಸ್ಪತ್ರೆಗೆ ಔಷಧಿ ಏಕಿಲ್ಲ ಎಂದು ಕೇಳಲು ಅಲ್ಲಿನ ಪ್ರಜೆಗೆ ಒಬ್ಬ ವ್ಯಕ್ತಿ, ಒಂದು ಸಭೆ, ಒಂದು ಪುಸ್ತಕ ಇದೆ. ನಮ್ಮ ಜಿಲ್ಲೆಯ ಪ್ರಜೆ ಅದೇ ಪ್ರಶ್ನೆಯನ್ನು ಯಾರಿಗೆ ಕೇಳಬೇಕು?

ನಮ್ಮ ಕ್ರಮ ಕೆನ್ಯಾದ ಆ ಅನುಕ್ರಮಕ್ಕೆ ತಿರುಗುಮುರುಗಾಗಿದೆ. ಮಾರ್ಚಿನಲ್ಲಿ ಹಣದ ಪಟ್ಟಿ ಬರುತ್ತದೆ, ವರ್ಷ ಶುರುವಾದ ಮೇಲೆ ಕ್ರಿಯಾ ಯೋಜನೆ ತಯಾರಾಗುತ್ತದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅಕ್ಟೋಬರಿನಿಂದ ಗ್ರಾಮಸಭೆ ಸೇರಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ಮಾಡುವ ಅಭಿಯಾನ 2018ರಿಂದ ನಡೆದಿದೆ, ಅದು ಸರಿಯಾದ ಹೆಜ್ಜೆ. ಆದರೆ ಎಷ್ಟು ಹಣ ಬರುತ್ತದೆಂಬ ನಂಬಬಹುದಾದ ಅಂಕಿ ಮುಂದಿಡದೆ ಜನರನ್ನು ಏನು ಬೇಕೆಂದು ಕೇಳಿದರೆ ಬರುವುದು ಬೇಡಿಕೆಗಳ ಪಟ್ಟಿ. ಎರಡು ಮೂರು ವರ್ಷ ಪಟ್ಟಿ ಕೊಟ್ಟು ಏನೂ ಆಗದಿದ್ದರೆ ಗ್ರಾಮಸಭೆಗೆ ಜನ ಬರುವುದನ್ನೇ ಬಿಡುತ್ತಾರೆ. ಜನರಿಗೆ ಆಸಕ್ತಿಯಿಲ್ಲ ಎಂದು ಅವರನ್ನು ದೂರುವುದು ಅನ್ಯಾಯ.

ಸ್ವಂತ ಆದಾಯದ ವಿಷಯ ಸಂಕ್ಷಿಪ್ತವಾಗಿ ಹೇಳುತ್ತೇನೆ. ಗ್ರಾಮ ಪಂಚಾಯಿತಿಗೆ ಮನೆ, ನಿವೇಶನಗಳ ತೆರಿಗೆ ಹಾಕುವ ಅಧಿಕಾರವಿದೆ. ಬಿಲ್ ಕಲೆಕ್ಟರ್ ಕೊಡುವ ರಸೀದಿಯಲ್ಲಿ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರಗಳೂ ಸೇರಿರುತ್ತವೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಹಲವೆಡೆ ಅವು ಕಳೆಗೂಡಿದ್ದನ್ನು ನೋಡಿದರೆ, ಊರಿನ ಕರ ಊರಿನ ಕಣ್ಣೆದುರಿನ ಸೇವೆಯಾಗಿ ಮರಳಿದಾಗ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಜಿಲ್ಲಾ ಪಂಚಾಯಿತಿಗೆ ಮಾತ್ರ ತನ್ನದೆಂಬ ತೆರಿಗೆಯೇ ಇಲ್ಲ. ಅದು ಪೂರ್ತಿಯಾಗಿ ಕೊಟ್ಟದ್ದನ್ನು ಪಡೆಯುವ ಸಂಸ್ಥೆ. ಸಂವಿಧಾನದ 243ಐ ವಿಧಿಯ ರಾಜ್ಯ ಹಣಕಾಸು ಆಯೋಗಗಳ ಶಿಫಾರಸುಗಳು ಅದರ ಮುಖ್ಯ ಆಸರೆ. ಆ ಶಿಫಾರಸುಗಳನ್ನು ಸರ್ಕಾರ ಎಷ್ಟರಮಟ್ಟಿಗೆ ಒಪ್ಪಿತು, ಎಷ್ಟು ಕೊಟ್ಟಿತು ಎಂಬುದರ ವಾರ್ಷಿಕ ಲೆಕ್ಕವನ್ನು ಬಜೆಟ್ಟಿನ ಜೊತೆಗೇ ಸದನದ ಮುಂದಿಡುವುದು ಕನಿಷ್ಠ ಕರ್ತವ್ಯ.

ವಿರೋಧದ ವಾದವನ್ನೂ ಗೌರವದಿಂದ ಎದುರಿಸಬೇಕು. ಜಿಲ್ಲಾ ಪಂಚಾಯಿತಿ ಸದಸ್ಯರು ದೊರೆತ ಹಣವನ್ನು ಕ್ಷೇತ್ರವಾರು ಸಮನಾಗಿ ಹಂಚಿಕೊಳ್ಳುತ್ತಾರೆ, ಅಲ್ಲಿ ಯೋಜನೆಯೆಲ್ಲಿದೆ? ಗುತ್ತಿಗೆಯಲ್ಲಿ ಕಮಿಷನ್ ಇಲ್ಲವೆ? ಬಲಾಢ್ಯ ಜಾತಿಯವರೇ ಎಲ್ಲ ತೀರ್ಮಾನಿಸುವುದಿಲ್ಲವೆ? ಇವು ಕಟ್ಟುಕಥೆಗಳಲ್ಲ. ಆದರೆ ತಮ್ಮ ಕೈಯಿಂದ ತೀರ್ಮಾನವಾಗಬಲ್ಲ ಹಣ ಚೂರುಪಾರು ಆಗಿರುವಾಗ, ಅದನ್ನು ಸಮಪಾಲು ಮಾಡಿಕೊಳ್ಳುವುದಲ್ಲದೆ ಬೇರೆ ರಾಜಕಾರಣಕ್ಕೆ ಆಸ್ಪದವೆಲ್ಲಿದೆ? ಇಡೀ ಜಿಲ್ಲೆಯ ಆರೋಗ್ಯದ ಹಣ, ಶಾಲೆಯ ಹಣ ಮುಂದಿದ್ದರೆ ಒಬ್ಬ ಸದಸ್ಯೆ ಎದ್ದುನಿಂತು, ನನ್ನ ತಾಲ್ಲೂಕಿನಲ್ಲಿ ತಾಯಂದಿರು ಹೆರಿಗೆಗೆ ಇಷ್ಟು ದೂರ ಹೋಗುತ್ತಾರೆ, ಈ ವರ್ಷ ಮೊದಲ ಪಾಲು ನಮಗೆ ಕೊಡಿ ಎಂದು ವಾದಿಸಬಹುದು. ಉಳಿದವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಪ್ರಬಲರ ಹಿಡಿತಕ್ಕೆ ಮದ್ದು ಮೀಸಲಾತಿ, ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ, ಜಮಾಬಂದಿ ಎಂಬ ಸಾರ್ವಜನಿಕ ತಪಾಸಣೆ, ಬಹಿರಂಗ ಲೆಕ್ಕ. ಇವುಗಳಿಗೆ ನಮ್ಮ ಕಾಯ್ದೆಯಲ್ಲೇ ಜಾಗವಿದೆ. ಅಧಿಕಾರವನ್ನು ಮೇಲಕ್ಕೆ ಒಯ್ದರೆ ಭ್ರಷ್ಟಾಚಾರ ಹೋಗುವುದಿಲ್ಲ, ಕಣ್ಣಿಗೆ ಬೀಳದಷ್ಟು ದೂರ ಹೋಗುತ್ತದೆ.

ಇಷ್ಟೆಲ್ಲ ಮಾತಿಗೂ ಮೊದಲಿನ ಒಂದು ಷರತ್ತಿದೆ: ಚುನಾಯಿತ ಜಿಲ್ಲಾ ಪಂಚಾಯಿತಿ ಇರಬೇಕು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ಒಂದಾದ ಮೇಲೊಂದು ಕಾರಣಗಳಿಂದ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಜಿಲ್ಲೆಯ ಬಜೆಟ್ಟಿಗೆ ಸಹಿ ಹಾಕಿದ್ದಾರೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು 243ಇ ವಿಧಿ ಹೇಳುತ್ತದೆ. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಸಕಾಲದಲ್ಲಿ ನಡೆಸುವುದು ಸಂವಿಧಾನದ ಕಟ್ಟಪ್ಪಣೆ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಪಷ್ಟಪಡಿಸಿದೆ. 1987ರಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಈ ವಿಳಂಬವನ್ನು ಸಹಜವೆಂಬಂತೆ ಸಹಿಸಿಕೊಂಡಿರುವುದು ನನಗೆ ತೀವ್ರ ನೋವಿನ ಸಂಗತಿ. ಜಿಲ್ಲಾ ಪಂಚಾಯಿತಿ ಸದಸ್ಯರಿಲ್ಲದ ಜಿಲ್ಲಾ ಯೋಜನಾ ಸಮಿತಿಯೂ ಸಂವಿಧಾನ ಬಯಸಿದ ರೂಪದಲ್ಲಿ ಇರಲಾರದು.

ಮಾಡಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಲಿಂಕ್ ಡಾಕ್ಯುಮೆಂಟಿನ ನೂರಾರು ಸಾಲುಗಳನ್ನು ಸಂಬಳದ ಹೊರತಾಗಿ ಶಿಕ್ಷಣ, ಆರೋಗ್ಯ, ನೀರು, ಕೃಷಿ, ಸಮಾಜ ಕಲ್ಯಾಣ ಎಂಬಂಥ ಕೆಲವೇ ದೊಡ್ಡ ಮೊತ್ತಗಳಾಗಿ ಕೂಡಿಸಿ, ಅದರೊಳಗಿನ ಹಂಚಿಕೆಯನ್ನು ಜಿಲ್ಲೆಗೆ ಬಿಡಬೇಕು. ಈ ಮೊತ್ತಗಳ ಅಂದಾಜನ್ನು ನವೆಂಬರಿನೊಳಗೆ ತಿಳಿಸಬೇಕು. ಚಾಲ್ತಿಯಲ್ಲಿರುವ ಸೇವೆಗಳ ನಿರ್ವಹಣೆಗೆ ಬೇಕಾದಷ್ಟನ್ನು ಎತ್ತಿಡದೆ ಹೊಸ ಕಾಮಗಾರಿಗೆ ಮಂಜೂರಾತಿ ಕೊಡುವಂತಿಲ್ಲ ಎಂಬ ನಿಯಮ ಕಾಯ್ದೆಗೆ ಬರಬೇಕು. ಇವಕ್ಕೆಲ್ಲ ರಾಜ್ಯ ಸರ್ಕಾರದ ಮನಸ್ಸು ಬೇಕು, ಸ್ವಲ್ಪ ಕಾಲವೂ ಬೇಕು. ಆದರೆ ಒಂದು ಕೆಲಸಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಜಿಲ್ಲಾ ಪಂಚಾಯಿತಿ, ಶಾಸಕರ ಮತ್ತು ಸಂಸದರ ನಿಧಿ, ಖನಿಜ ಪ್ರತಿಷ್ಠಾನ, ಪ್ರದೇಶಾಭಿವೃದ್ಧಿ ಮಂಡಳಿ, ಕೇಂದ್ರದ ಯೋಜನೆಗಳು, ಪಟ್ಟಣ ಸಂಸ್ಥೆಗಳು ಈ ಎಲ್ಲವುಗಳ ಖರ್ಚನ್ನು ಊರುವಾರು ಜೋಡಿಸಿ, ಪ್ರತಿವರ್ಷ ಒಂದೇ ಪುಸ್ತಕವಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇರಿಸುವುದು. ಅಂಕಿಗಳೆಲ್ಲ ಜಿಲ್ಲಾ ಕೇಂದ್ರದ ಕಚೇರಿಗಳಲ್ಲೇ ಇವೆ. ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳೂ ಜಿಲ್ಲಾಧಿಕಾರಿಗಳೂ ಒಟ್ಟಿಗೆ ಕೂತರೆ ಮುಂದಿನ ಆಯವ್ಯಯಕ್ಕೆ ಮೊದಲೇ ಅದು ಜನರ ಕೈಗೆ ಬರಬಹುದು.